ಲೆಕ್ಕ ಸರಿ ಇದೆ, ಡ್ರಿಲ್ ಬಿಟ್ ಸರಿ ಇಲ್ಲ

ನಮ್ಮ ವರ್ಕ್‌ಶಾಪಿನ ಟೂಲ್ ರೂಮಿನಲ್ಲಿ ನಡೆಯೋದು ಎಣಿಕೆ. ಟೋಕನ್ ಕೊಡು, ಟೂಲ್ ತಗೋ, ಸಂಜೆ ವಾಪಸ್ ಕೊಡು. 12 ಹೋದವು, 12 ಬಂದವು, ರಿಜಿಸ್ಟರಿಗೆ ಸಹಿ. ತುದಿ ಸವೆದ ಡ್ರಿಲ್ ಬಿಟ್ಟೂ ಆ 12ರಲ್ಲಿ ಸೇರಿರುತ್ತೆ.

ನಮ್ಮಲ್ಲಿ ಕೆಲವರು ಮೂಡಿಗೆರೆ ಕಡೆಯವರು. ಚಾರ್ಮಾಡಿ ಘಾಟಿಯ ನೆತ್ತಿಯ ಕೊಟ್ಟಿಗೆಹಾರದಲ್ಲಿ ಈ ಲೆಕ್ಕ ನಡೆಯಲ್ಲ. ತೇವಾಂಶ ಶೇಕಡಾ 60 ದಾಟಿದರೆ ಉಕ್ಕಿಗೆ ತುಕ್ಕು ಬೇಗ ಹಿಡಿಯುತ್ತೆ. ಅಲ್ಲಿ ಮಳೆಗಾಲದಲ್ಲಿ ಅದು ಕೆಳಗಿಳಿಯೋದೇ ಅಪರೂಪ. ಬೆರಳಿನ ಬೆವರು ಒರೆಸದೆ ಪೆಟ್ಟಿಗೆಗೆ ಹಾಕಿದ ಮೈಕ್ರೋಮೀಟರ್ ಎಣಿಕೆಗೆ ಸಿಗುತ್ತೆ, ಅಳತೆಗೆ ಸಿಗಲ್ಲ. ಎಣ್ಣೆ ಸವರಿ, ಅದರ ಎರಡು ಮುಖಗಳ ನಡುವೆ ಚೂರು ಸಂದು ಬಿಟ್ಟು ಇಡಬೇಕು. ಕಪಾಟಿನೊಳಗೆ 40 ವ್ಯಾಟಿನ ಹಳೇ ಬಲ್ಬ್ ಉರಿಸಿಡೋದೂ ಒಂದು ಉಪಾಯ. (ಎಲ್‌ಇಡಿ ಹಾಕಿದರೆ ಬೆಳಕಷ್ಟೇ, ಬಿಸಿ ಸಾಲದು.)

ನವೆಂಬರ್ ದಾಟಿದರೆ ಅರೇಬಿಕಾ ಕುಯ್ಲು. ಕುಯ್ದ ಹಣ್ಣು ಅದೇ ದಿನ ಪಲ್ಪರ್‌ಗೆ ಬೀಳಬೇಕು. ಆ ಸಂಜೆ ಪಲ್ಪರ್ ಬೋಲ್ಟ್ ತುಂಡಾಯ್ತು, ಕೊರೆದು ತೆಗೆಯೋಣ ಅಂದ್ರೆ ಬಿಟ್ ಮೊಂಡು. ರಿಜಿಸ್ಟರ್ ತೋರಿಸಿ ಏನು ಮಾಡ್ತೀರಿ?

ನಮ್ಮ ತಕರಾರು ದಂಡದ ಬಗ್ಗೆ. ಮುರಿದರೆ ಕಾಸು ಕಟ್ಟಬೇಕು ಅಂದ್ರೆ ಯಾರೂ ಬಾಯಿ ಬಿಡಲ್ಲ. ಬಿರುಕು ಬಿಟ್ಟದ್ದನ್ನ ಒರೆಸಿ ವಾಪಸ್ ಕೊಡ್ತಾರೆ. ಅದು ಮುಂದಿನ ಬ್ಯಾಚಿನವರ ಕೈಯಲ್ಲಿ ಸಿಡಿಯುತ್ತೆ. ದಂಡ ತೆಗೆಯಿರಿ, ರಿಜಿಸ್ಟರಿಗೆ ‘ಸ್ಥಿತಿ’ ಅಂತ ಒಂದು ಕಾಲಂ ಸೇರಿಸಿ. ಮೊಂಡಾದ ಬಿಟ್ ಬೇರೆ ಡಬ್ಬಿಗೆ ಹೋಗಲಿ, 118 ಡಿಗ್ರಿಗೆ ಸಾಣೆ ಹಿಡಿದ ಮೇಲಷ್ಟೇ ಕಪಾಟಿಗೆ ಬರಲಿ. ಸಾಣೆ ಹಿಡಿಯೋದನ್ನ ನಮಗೇ ಕಲಿಸಿ. ಪರೀಕ್ಷೆಗೆ ಬರದಿದ್ದರೂ ಪರವಾಗಿಲ್ಲ.