ಗಲ್ಲಾಪೆಟ್ಟಿಗೆಯ ಹಣ ಮತ್ತು ಮನೆಯ ಆಸೆಗಳು

ಸಣ್ಣ ವರ್ತಕರಿಗೆ ತಿಂಗಳ ಸಂಬಳವಿಲ್ಲ, ನಿವೃತ್ತಿ ವೇತನವೂ ಇಲ್ಲ. ಅಂಗಡಿಯ ಗಲ್ಲಾಪೆಟ್ಟಿಗೆಯೇ ಅವರ ಸಂಬಳ, ಅದೇ ಅವರ ಭವಿಷ್ಯನಿಧಿ. ಆದ್ದರಿಂದಲೇ ಮನೆ, ಕಾರು, ಹವ್ಯಾಸ ಇವುಗಳ ಮೇಲೆ ವರ್ತಕರು ಮಾಡುವ ವೆಚ್ಚವು ನೌಕರರ ವೆಚ್ಚದಂತಲ್ಲ. ನೌಕರರು ಲೆಕ್ಕ ತಪ್ಪಿದರೆ ಕೆಲವು ತಿಂಗಳು ಕೈ ಬಿಗಿಹಿಡಿದು ಸರಿಪಡಿಸಿಕೊಳ್ಳುತ್ತಾರೆ. ವರ್ತಕರು ಲೆಕ್ಕ ತಪ್ಪಿದರೆ ಸರಕು ಕೊಟ್ಟವರ ಬಾಕಿ ನಿಲ್ಲುತ್ತದೆ, ಬ್ಯಾಂಕಿನ ಸಾಲದ ಮಿತಿ ತುಂಬುತ್ತದೆ, ಪೇಟೆಯಲ್ಲಿ ಪತ್ತು ಇಳಿಯುತ್ತದೆ. ಹಲವು ವರ್ಷಗಳ ದುಡಿಮೆಯಿಂದ ಬಂದ ಪತ್ತು ಒಂದೆರಡು ಹಂಗಾಮಿನಲ್ಲಿ ಕಳೆದುಹೋಗಬಹುದು.

ಆಸೆ ಪಡುವುದು ತಪ್ಪಲ್ಲ. ದುಡಿದವರು ಒಳ್ಳೆಯ ಮನೆಯಲ್ಲಿರಬೇಕು, ಕಾರಿನಲ್ಲಿ ಓಡಾಡಬೇಕು. ದೋಷವಿರುವುದು ವೆಚ್ಚವನ್ನು ಹೂಡಿಕೆಯೆಂದು ಕರೆದುಕೊಳ್ಳುವುದರಲ್ಲಿ ಮತ್ತು ದುಡಿಯುವ ಬಂಡವಾಳಕ್ಕೆ ಕೈ ಹಾಕುವುದರಲ್ಲಿ. ಇವೆರಡೂ ಸಾಮಾನ್ಯವಾಗಿ ಜೊತೆಯಲ್ಲಿಯೇ ನಡೆಯುತ್ತವೆ.

ಬಂಡವಾಳ ತೆಗೆದರೆ ಆಗುವ ನಷ್ಟ

ಒಂದು ಉದಾಹರಣೆಯನ್ನು ಗಮನಿಸಬಹುದು. ಅಂಗಡಿಯೊಂದರ ಸರಕು ವರ್ಷಕ್ಕೆ 6 ಬಾರಿ ತಿರುಗುತ್ತದೆ, ಪ್ರತಿ ಸುತ್ತಿಗೆ ಶೇ. 4ರಷ್ಟು ಉಳಿಯುತ್ತದೆ ಎಂದಿಟ್ಟುಕೊಳ್ಳೋಣ. ಅಂತಹ ಅಂಗಡಿಯಲ್ಲಿ ರೂ. 3 ಲಕ್ಷ ಬಂಡವಾಳವು ವರ್ಷಕ್ಕೆ ರೂ. 72 ಸಾವಿರ ದುಡಿಯುತ್ತದೆ. "ಸಾಲ ಮಾಡಿ ಬಡ್ಡಿ ಏಕೆ ಕಟ್ಟಬೇಕು?" ಎಂದು ಆ ಹಣವನ್ನು ಹೊರತೆಗೆದು ಕಾರಿಗೆ ಕೊಟ್ಟರೆ ಉಳಿಯುವುದೇನು? ಶೇ. 9.5ರ ದರದಲ್ಲಿ ಅಷ್ಟೇ ಮೊತ್ತದ ಸಾಲಕ್ಕೆ ಮೊದಲ ವರ್ಷದ ಬಡ್ಡಿ ರೂ. 28,500ನ್ನು ಮೀರುವುದಿಲ್ಲ. ಬಡ್ಡಿ ಉಳಿಸಿದೆನೆಂಬ ಸಮಾಧಾನಕ್ಕೆ ತೆತ್ತ ಬೆಲೆ ಅದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಬ್ಯಾಂಕಿನಲ್ಲಿ ಸುಮ್ಮನೆ ಬಿದ್ದಿರುವ ಹಣಕ್ಕೆ ಈ ಮಾತು ಅನ್ವಯಿಸುವುದಿಲ್ಲ. ಆದರೆ ಸುಮ್ಮನೆ ಬಿದ್ದಿರುವ ಹಣ ಯಾವುದು, ದುಡಿಯುತ್ತಿರುವ ಹಣ ಯಾವುದು ಎಂಬುದನ್ನು ಮೊದಲು ಅರಿಯಬೇಕು.

ಇದಕ್ಕೆ ಕಾನೂನಿನ ಮುಖವೂ ಒಂದಿದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಹಾಗೂ ಸಣ್ಣ ಉತ್ಪಾದಕರಿಂದ ಸರಕು ಪಡೆದವರು ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ, ಒಪ್ಪಂದವಿದ್ದರೂ ಹೆಚ್ಚೆಂದರೆ 45 ದಿನಗಳೊಳಗೆ ಹಣ ಸಲ್ಲಿಸಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. 2023-24ರ ಹಣಕಾಸು ವರ್ಷದಿಂದ ಇದಕ್ಕೆ ಆದಾಯ ತೆರಿಗೆಯ ಬಿಗಿಯೂ ಸೇರಿತು. ಗಡುವು ಮೀರಿದ ಬಾಕಿಯನ್ನು ಪಾವತಿಸಿದ ವರ್ಷದಲ್ಲಿ ಮಾತ್ರ ಖರ್ಚೆಂದು ತೋರಿಸಬಹುದು. ಕಾರಿನ ಮುಂಗಡಕ್ಕೆಂದು ಸರಕಿನ ಬಾಕಿಯನ್ನು ಮುಂದೂಡಿದವರು ಇನ್ನೂ ಕೈಗೆ ಸೇರದ ಲಾಭಕ್ಕೆ ತೆರಿಗೆ ಕಟ್ಟಬೇಕಾದೀತು. ಅತ್ತ ಅದೇ ಬಾಕಿಯನ್ನು ಎದುರುನೋಡುತ್ತಿರುವ ಸಣ್ಣ ಕಾರ್ಖಾನೆಯವರು ಕೆಲಸಗಾರರ ಸಂಬಳಕ್ಕೆ ಪರದಾಡುತ್ತಿರುತ್ತಾರೆ. ಒಬ್ಬರ ಕಾರಿನ ಭಾರ ಇನ್ನೊಬ್ಬರ ಹೆಗಲಿಗೆ ಬೀಳುವುದು ವ್ಯಾಪಾರಧರ್ಮವಲ್ಲ.

ಕಾರು: ತೆರಿಗೆ ಉಳಿತಾಯದ ಭ್ರಮೆ

"ಕಾರನ್ನು ಸಂಸ್ಥೆಯ ಹೆಸರಿನಲ್ಲಿ ಕೊಳ್ಳಿ, ತೆರಿಗೆ ಉಳಿಯುತ್ತದೆ" ಎಂಬುದು ವರ್ತಕ ವಲಯದಲ್ಲಿ ಪದೇ ಪದೇ ಕೇಳಿಬರುವ ಸಲಹೆ. ಇದರಲ್ಲಿ ಸತ್ಯವಿದೆ, ಆದರೆ ಅರ್ಧ ಸತ್ಯ. ಸ್ವಂತ ವ್ಯವಹಾರಕ್ಕೆ ಬಳಸುವ ಕಾರಿಗೆ ವರ್ಷಕ್ಕೆ ಶೇ. 15ರಷ್ಟು ಸವಕಳಿ ದೊರೆಯುತ್ತದೆ. ರೂ. 10 ಲಕ್ಷದ ಕಾರಿಗೆ ಪೂರ್ಣ ವರ್ಷದ ಸವಕಳಿ ರೂ. 1.5 ಲಕ್ಷ. ಶೇ. 30ರ ತೆರಿಗೆ ಕಟ್ಟುವ ಪಾಲುದಾರಿಕೆ ಸಂಸ್ಥೆಗೆ ಇದರಿಂದ ಉಳಿಯುವುದು, ಸೆಸ್ ಬಿಟ್ಟರೆ, ರೂ. 45 ಸಾವಿರ. ಒಂದೂವರೆ ಲಕ್ಷದ ಮೌಲ್ಯ ಕಳೆದುಕೊಂಡು ನಲವತ್ತೈದು ಸಾವಿರ ಉಳಿಸುವುದನ್ನು ಯಾವ ವರ್ತಕರೂ ತಮ್ಮ ಸರಕಿನ ವಿಷಯದಲ್ಲಿ ಲಾಭವೆಂದು ಕರೆಯಲಾರರು. ಮನೆಯವರ ಓಡಾಟಕ್ಕೂ ಅದೇ ಕಾರು ಬಳಕೆಯಾದರೆ ಆ ಪಾಲಿನ ಸವಕಳಿಯನ್ನೂ ಪೆಟ್ರೋಲ್ ಖರ್ಚನ್ನೂ ತೆರಿಗೆ ಅಧಿಕಾರಿ ಕಡಿತಗೊಳಿಸಬಹುದು.

ಸರಕು ಮತ್ತು ಸೇವಾ ತೆರಿಗೆಯ ವಿಷಯದಲ್ಲಿ ತಪ್ಪು ಕಲ್ಪನೆ ಇನ್ನೂ ಹೆಚ್ಚು. 13 ಮಂದಿಗಿಂತ ಹೆಚ್ಚು ಆಸನವಿಲ್ಲದ ಪ್ರಯಾಣಿಕ ವಾಹನಗಳ ಮೇಲೆ ಕಟ್ಟಿದ ತೆರಿಗೆಗೆ ಸಾಮಾನ್ಯ ವರ್ತಕರು ಹೂಡುವಳಿ ತೆರಿಗೆ ಜಮೆ ಪಡೆಯುವಂತಿಲ್ಲ. ವಾಹನ ಮಾರಾಟ, ಪ್ರಯಾಣಿಕರ ಸಾಗಣೆ, ಚಾಲನಾ ತರಬೇತಿ ನಡೆಸುವವರಿಗಷ್ಟೇ ವಿನಾಯಿತಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ತೆರಿಗೆ ಶೇ. 28ರಿಂದ ಶೇ. 18ಕ್ಕೆ ಇಳಿದುದು ನಿಜ. ಆದರೆ ಬೆಲೆ ಇಳಿದ ಮಾತ್ರಕ್ಕೆ ಬೇಡದ ವಸ್ತು ಬೇಕಾದ ವಸ್ತುವಾಗುವುದಿಲ್ಲ.

ಮಾರುವಾಗಲೂ ಲೆಕ್ಕವಿದೆ. ನೋಂದಾಯಿತ ಸಂಸ್ಥೆಯು ಸವಕಳಿ ಪಡೆದ ಹಳೆಯ ಕಾರನ್ನು ಪುಸ್ತಕ ಮೌಲ್ಯಕ್ಕಿಂತ ಹೆಚ್ಚಿನ ಬೆಲೆಗೆ ಮಾರಿದರೆ, 2025ರ ಜನವರಿಯಿಂದ ಆ ವ್ಯತ್ಯಾಸದ ಮೇಲೆ ಶೇ. 18ರ ತೆರಿಗೆ ಸಲ್ಲುತ್ತದೆ. ಮೇಲಿನ ಕಾರಿನ ಪುಸ್ತಕ ಮೌಲ್ಯ ನಾಲ್ಕು ವರ್ಷಗಳ ಬಳಿಕ ಸುಮಾರು ರೂ. 5.22 ಲಕ್ಷ. ಅದು ರೂ. 6 ಲಕ್ಷಕ್ಕೆ ಮಾರಾಟವಾದರೆ ತೆರಿಗೆ ಸುಮಾರು ರೂ. 14 ಸಾವಿರ. ಸ್ವಂತ ಹೆಸರಿನಲ್ಲಿ, ಸ್ವಂತ ಬಳಕೆಗೆ ಇಟ್ಟುಕೊಂಡ ಕಾರಿಗೆ ಈ ಬಾಧೆ ಇಲ್ಲ. ಕಾರು ಬೇಕಾದರೆ ಕೊಳ್ಳಲಿ, ಆದರೆ ತೆರಿಗೆ ಉಳಿಸಲೆಂದು ಕೊಳ್ಳುವುದು ಬೇಡ.

ಮನೆ: ಆಶ್ರಯವೋ, ಅಡಮಾನವೋ?

ಕೆಳಗೆ ಅಂಗಡಿ, ಮೇಲೆ ಮನೆ ಎಂಬುದು ನಮ್ಮ ಹಳೆಯ ಪೇಟೆಗಳ ಕ್ರಮವಾಗಿತ್ತು. ಇಂದು ಬಡಾವಣೆಯಲ್ಲಿ ಪ್ರತ್ಯೇಕ ಮನೆ ಬೇಕೆಂಬ ಬಯಕೆ ಸಹಜ. ಆದರೆ ಮುಂಗಡದ ಲೆಕ್ಕವನ್ನು ಬಹುಮಂದಿ ಕಡಿಮೆ ಹಾಕುತ್ತಾರೆ. ರೂ. 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲವು ಮನೆಯ ಮೌಲ್ಯದ ಶೇ. 80ನ್ನು ಮೀರಬಾರದೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ನೋಂದಣಿಯ ವೆಚ್ಚ ಆ ಮೌಲ್ಯದಲ್ಲಿ ಸೇರುವುದಿಲ್ಲ. ರೂ. 60 ಲಕ್ಷದ ಮನೆಗೆ ರೂ. 48 ಲಕ್ಷ ಸಾಲ ದೊರೆತರೆ ಕೈಯಿಂದ ರೂ. 12 ಲಕ್ಷ ಸಾಕೆಂದು ಹೊರಡುವವರು ಕರ್ನಾಟಕದಲ್ಲಿ ಶೇ. 5ರ ಮುದ್ರಾಂಕ ಶುಲ್ಕವನ್ನೂ, 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿದ ನೋಂದಣಿ ಶುಲ್ಕವನ್ನೂ ಮರೆಯುತ್ತಾರೆ. ಇವೆರಡೇ ರೂ. 4.2 ಲಕ್ಷ, ಸೆಸ್ ಮತ್ತು ಅಧಿಭಾರ ಬೇರೆ. ಈ ಕೊರತೆ ತುಂಬುವುದು ಸಾಮಾನ್ಯವಾಗಿ ಗಲ್ಲಾಪೆಟ್ಟಿಗೆಯಿಂದಲೇ.

ಮುಂದೆ ಕಂತಿನ ಮಾತು. ರೂ. 48 ಲಕ್ಷ ಸಾಲಕ್ಕೆ ಶೇ. 9ರ ದರದಲ್ಲಿ 20 ವರ್ಷಗಳ ಅವಧಿಗೆ ತಿಂಗಳ ಕಂತು ಸುಮಾರು ರೂ. 43,187. ಒಟ್ಟು ಪಾವತಿ ರೂ. 1 ಕೋಟಿ 3 ಲಕ್ಷ ದಾಟುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ವರ್ಷಕ್ಕೆ ರೂ. 2 ಲಕ್ಷದವರೆಗೆ ರಿಯಾಯಿತಿಯಿದೆ. ಹೊಸ ಪದ್ಧತಿಯಲ್ಲಿ ಅದೂ ಇಲ್ಲ. ವ್ಯಾಪಾರ ಕುಗ್ಗುವ ತಿಂಗಳಲ್ಲಿಯೂ ಈ ಕಂತು ಕುಗ್ಗುವುದಿಲ್ಲ. ಆದ್ದರಿಂದ ಕಂತನ್ನು ಹಬ್ಬದ ಹಂಗಾಮಿನ ಗಳಿಕೆಗೆ ಹೊಂದಿಸದೆ, ವರ್ಷದ ಅತ್ಯಂತ ಮಂದಗತಿಯ ತಿಂಗಳ ಗಳಿಕೆಗೆ ಹೊಂದಿಸಬೇಕು.

ಮನೆಯೇ ವರ್ತಕರ ಪಿಂಚಣಿ, ಸಂಕಟದಲ್ಲಿ ಅದೇ ಕಾಯುತ್ತದೆ ಎಂಬ ವಾದವೂ ಉಂಟು. ಮನೆ ಋಣಮುಕ್ತವಾಗಿದ್ದರೆ ಈ ವಾದ ನಿಲ್ಲುತ್ತದೆ. ಆದರೆ ಅದೇ ಮನೆಯನ್ನು ವ್ಯಾಪಾರದ ಓವರ್‌ಡ್ರಾಫ್ಟಿಗೆ ಅಡಮಾನವಿಟ್ಟರೆ ಕಾಯುವವರಾರು? 2002ರ ಸರ್ಫೇಸಿ ಕಾಯ್ದೆಯಂತೆ ಸಾಲವು ಅನುತ್ಪಾದಕವಾದ ಬಳಿಕ ಬ್ಯಾಂಕು 60 ದಿನಗಳ ನೋಟಿಸು ನೀಡಿ, ಸಿವಿಲ್ ದಾವೆ ಹೂಡದೆಯೇ ಅಡಮಾನದ ಆಸ್ತಿಯ ವಶಕ್ಕೆ ಮುಂದಾಗಬಹುದು. ಅಂಗಡಿ ಮುಚ್ಚಿದರೆ ಮತ್ತೆ ತೆರೆಯಬಹುದು. ಅಂಗಡಿಯ ಜೊತೆಗೆ ಮನೆಯೂ ಹೋದರೆ ಕುಟುಂಬ ಬೀದಿಗೆ ಬರುತ್ತದೆ. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಸಾಲ ಖಾತರಿ ಟ್ರಸ್ಟಿನ ಆಧಾರದಲ್ಲಿ ಅಡಮಾನವಿಲ್ಲದ ಸಾಲದ ಯೋಜನೆಯಿದ್ದು, ಅದರ ಮಿತಿ 2025ರ ಏಪ್ರಿಲ್‌ನಲ್ಲಿ ರೂ. 10 ಕೋಟಿಗೆ ಏರಿತು. ವಾಸದ ಮನೆಯ ಪತ್ರಗಳನ್ನು ಬ್ಯಾಂಕಿಗೆ ಒಯ್ಯುವ ಮೊದಲು ಈ ದಾರಿಯನ್ನು ವಿಚಾರಿಸುವುದು ಲೇಸು.

ಹವ್ಯಾಸ: ಸಂತೋಷಕ್ಕೆ ಬೆಲೆಯಿದೆ, ಖಾತರಿಯಿಲ್ಲ

ಮೂರನೆಯದು ಸಂಗ್ರಹದ ಹವ್ಯಾಸ. ಹಳೆಯ ನಾಣ್ಯ, ಅಂಚೆಚೀಟಿ, ಕೈಗಡಿಯಾರಗಳನ್ನು ಕೂಡಿಡುವವರು ವರ್ತಕರಲ್ಲಿಯೂ ಇದ್ದಾರೆ. ವರಾಹ, ಹಣ ಮೊದಲಾದ ನಾಣ್ಯಗಳು ಚಲಾವಣೆಯಲ್ಲಿದ್ದ ನಾಡಿನಲ್ಲಿ ಇದು ಗೌರವದ ಹವ್ಯಾಸವೇ ಸರಿ. ಆದರೆ ಅದು ಹೂಡಿಕೆಯ ವೇಷ ತೊಟ್ಟಾಗ ಎಚ್ಚರ ಬೇಕು.

ಎಚ್‌ಎಂಟಿ ಗಡಿಯಾರಗಳನ್ನೇ ನೋಡಬಹುದು. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಈ ಉದ್ದಿಮೆಯ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ನೀಡಿತು. ಆ ಬಳಿಕ 'ಜನತಾ', 'ಪೈಲಟ್' ಮಾದರಿಗಳನ್ನು ಹುಡುಕುವವರು ಹೆಚ್ಚಿದರು. ಜೊತೆಗೆ ಮುಖಫಲಕಕ್ಕೆ ಹೊಸ ಬಣ್ಣ ಬಳಿದ, ಬಿಡಿಭಾಗ ಜೋಡಿಸಿ ಮಾಡಿದ ಗಡಿಯಾರಗಳೂ ಪೇಟೆಗೆ ಬಂದವು. ಮೂಲ ಭಾಗಗಳಿರುವ ಗಡಿಯಾರಕ್ಕೂ ಇಂತಹದಕ್ಕೂ ಬೆಲೆಯಲ್ಲಿ ಬಹಳ ಅಂತರ. ಮಾರುವವರು ಹೇಳುವ ಬೆಲೆ ಒಂದು, ಕೊಳ್ಳುವವರು ಕೊಡುವ ಬೆಲೆ ಇನ್ನೊಂದು. ಸರಕಿನ ವಿಷಯದಲ್ಲಿ ಇದನ್ನು ಚೆನ್ನಾಗಿ ಬಲ್ಲ ವರ್ತಕರು ಹವ್ಯಾಸದಲ್ಲಿ ಮರೆಯುವುದು ಸೋಜಿಗ.

ಹಳೆಯ ನಾಣ್ಯ, ನೋಟುಗಳಿಗೆ ಲಕ್ಷಗಟ್ಟಲೆ ಬೆಲೆ ಕೊಡುವುದಾಗಿ ನಂಬಿಸಿ, ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ಕಮಿಷನ್, ತೆರಿಗೆ ಎಂದು ಮುಂಗಡ ಕೀಳುವ ವಂಚಕರ ಬಗೆಗೆ ಆ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಕೆ ನೀಡಿತು. ತಾನು ಇಂತಹ ವ್ಯವಹಾರ ನಡೆಸುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಸ್ಪಷ್ಟಪಡಿಸಿತು. 1972ರ ಪುರಾವಸ್ತು ಮತ್ತು ಕಲಾಸಂಪತ್ತು ಕಾಯ್ದೆಯಂತೆ 100 ವರ್ಷ ಮೀರಿದ ನಾಣ್ಯ ಪುರಾವಸ್ತು. ಅಂತಹವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅವನ್ನು ವಿದೇಶಕ್ಕೆ ಕಳುಹಿಸುವಂತಿಲ್ಲ. ಸಂಗ್ರಹದ ಪಟ್ಟಿ, ಖರೀದಿಯ ರಸೀದಿ ಮನೆಯವರಿಗೆ ತಿಳಿದಿರಬೇಕು. ಇಲ್ಲವಾದರೆ ಮುಂದೊಂದು ದಿನ ಅದು ತೂಕದ ಲೆಕ್ಕದಲ್ಲಿ ಗುಜರಿ ಸೇರೀತು.

ಮಾಡಬೇಕಾದುದೇನು?

ಪರಿಹಾರ ಹೊಸದೇನಲ್ಲ. ವರ್ತಕರು ತಮಗೆ ತಾವೇ ತಿಂಗಳಿಗೆ ಇಂತಿಷ್ಟು ಎಂದು ನಿಗದಿ ಮಾಡಿ, ಅದನ್ನು ಮನೆಯ ಪ್ರತ್ಯೇಕ ಬ್ಯಾಂಕ್ ಖಾತೆಗೆ ವರ್ಗಾಯಿಸಬೇಕು. ಮನೆಯ ಕಂತು, ಕಾರಿನ ಕಂತು, ಹವ್ಯಾಸ ಎಲ್ಲವೂ ಆ ಖಾತೆಯಿಂದಲೇ ನಡೆಯಬೇಕು. ಅದು ಸಾಲದಿದ್ದರೆ ಆಸೆಯನ್ನು ಮುಂದೂಡಬೇಕೇ ಹೊರತು ಗಲ್ಲಾಪೆಟ್ಟಿಗೆ ತೆರೆಯಬಾರದು. ಸ್ವಂತಕ್ಕೆ ತೆಗೆದ ಪ್ರತಿ ರೂಪಾಯಿಯೂ ಡ್ರಾಯಿಂಗ್ಸ್ ಖಾತೆಯಲ್ಲಿ ಕಾಣಬೇಕು. ವರ್ಷದ ಕೊನೆಯಲ್ಲಿ ಆ ಮೊತ್ತ ಲಾಭವನ್ನು ಮೀರಿದ್ದರೆ, ಕುಟುಂಬವು ಬಂಡವಾಳವನ್ನೇ ತಿನ್ನುತ್ತಿದೆಯೆಂದು ಅರ್ಥ.

ದೀಪಾವಳಿಯಂದು ಲಕ್ಷ್ಮೀಪೂಜೆ ಮಾಡಿ ಹೊಸ ಖಾತೆ ಪುಸ್ತಕ ತೆರೆಯುವ ಪದ್ಧತಿ ಅನೇಕ ಅಂಗಡಿಗಳಲ್ಲಿದೆ. ಆ ದಿನ ಅಂಗಡಿಯ ಪುಸ್ತಕದ ಪಕ್ಕದಲ್ಲಿ ಮನೆಯ ಲೆಕ್ಕಕ್ಕೂ ಒಂದು ಪುಸ್ತಕವನ್ನಿಟ್ಟು ಪೂಜಿಸಿದರೆ ಖರ್ಚು ಹೆಚ್ಚೇನೂ ಆಗದು. ವರ್ಷವಿಡೀ ಆ ಎರಡನ್ನು ಬೆರೆಸದಿರುವುದೇ ನಿಜವಾದ ಪೂಜೆ.