ದೇವರ ಹೆಸರಿನ ಪಟ್ಟಾ

ಮೊನ್ನೆ ರಾತ್ರಿ ಹಾಸ್ಟೆಲ್ಲಿನಲ್ಲಿ ಊಟ ಆದ ಮೇಲೆ ಪೇಪರ್ ಮುಂದಿಟ್ಟುಕೊಂಡು ಜಗಳ ಆಯ್ತು. ನಮ್ಮ ಹುಡುಗನೇ ಒಬ್ಬ, ಓದಿನಲ್ಲಿ ಮುಂದಿರುವವನು, "ಇಸ್ರೇಲಿನವರು ಗಟ್ಟಿಗರು ಕಣಯ್ಯ. ಎರಡು ಸಾವಿರ ವರ್ಷ ಒದೆ ತಿಂದ ಜನ. ಆ ಭೂಮಿ ಅವರದು ಅಂತ ಅವರ ಗ್ರಂಥದಲ್ಲೇ ಬರೆದಿದೆ. ವಾಪಸ್ಸು ತಗೊಂಡ್ರೆ ಏನು ತಪ್ಪು?" ಅಂದ. ಸುತ್ತ ಕೂತಿದ್ದ ನಾಲ್ಕೈದು ಜನ ತಲೆ ಆಡಿಸಿದರು. ನನಗೆ ಸಿಟ್ಟು ಬಂದದ್ದು ಮಾತಾಡಿದವನ ಮೇಲಲ್ಲ, ತಲೆ ಆಡಿಸಿದವರ ಮೇಲೆ. ಗ್ರಂಥದಲ್ಲಿ ಬರೆದಿದೆ ಅಂತ ಯಾರಾದರೂ ಅಂದ ಕೂಡಲೆ ಮೈಯೆಲ್ಲಾ ಎಚ್ಚರ ಆಗಬೇಕಾದ ಜನ ನಾವು. ನಮ್ಮಜ್ಜನಿಗೆ ಕೆರೆ ನೀರು ತಪ್ಪಿಸಿದ್ದೂ ಗ್ರಂಥವೇ.

ಒದೆ ತಿಂದ ಜನ ಅನ್ನೋದು ನಿಜ. ಯೂರೋಪಿನ ದೊರೆಗಳು ಶತಮಾನಗಟ್ಟಲೆ ಯಹೂದಿಗಳನ್ನು ಬೇರೆ ಕೇರಿಗಳಲ್ಲಿ ಕೂಡಿಹಾಕಿದ್ದರು. ಹಿಟ್ಲರ್ 60 ಲಕ್ಷ ಜನರನ್ನು ಕೊಂದ. ಆ ಜನದ ಮೇಲೆ ಹಗೆ ಕಾರುವವನಿಗೆ ನಮ್ಮ ಸಭೆಯಲ್ಲಿ ಜಾಗ ಇಲ್ಲ. ಆದ್ರೆ ಕೊಂದವನು ಜರ್ಮನಿಯವನು, ಜಮೀನು ಕಳಕೊಳ್ಳುತ್ತಿರುವವನು ನಾಬ್ಲುಸ್ ಪಕ್ಕದ ಆಲಿವ್ ತೋಟದ ರೈತ. ಇದು ಯಾವ ಶಾನುಭೋಗನ ಲೆಕ್ಕ?

1967ರ ಜೂನಿನಲ್ಲಿ ಆರು ದಿನದ ಯುದ್ಧ ನಡೆಯಿತು. ಜೋರ್ಡಾನ್ ನದಿಯ ಪಶ್ಚಿಮ ದಂಡೆ, ಪೂರ್ವ ಜೆರುಸಲೇಮ್, ಗಾಜಾ, ಸಿರಿಯಾದ ಗೋಲಾನ್ ಬೆಟ್ಟ, ಈಜಿಪ್ಟಿನ ಸಿನಾಯ್ ಎಲ್ಲಾ ಇಸ್ರೇಲಿನ ಕೈಗೆ ಬಂದವು. ಯುದ್ಧದಲ್ಲಿ ಹಿಡಿದ ನೆಲಕ್ಕೆ ತನ್ನ ಪ್ರಜೆಗಳನ್ನು ತಂದು ಕೂರಿಸಬಾರದು ಅಂತ 1949ರ ಜಿನೀವಾ ಒಪ್ಪಂದ ಹೇಳುತ್ತದೆ. ಇಸ್ರೇಲಿನ ವಿದೇಶಾಂಗ ಇಲಾಖೆಗೆ ಕಾನೂನು ಸಲಹೆಗಾರನಾಗಿದ್ದ ಥಿಯೋಡರ್ ಮೆರಾನ್ ಕೂಡ 1967ರ ಸೆಪ್ಟೆಂಬರಿನಲ್ಲಿ ಇದನ್ನೇ ಬರೆದು ಕೊಟ್ಟ. ಅದೇ ತಿಂಗಳು ಕ್ಫಾರ್ ಎಟ್ಜಿಯೋನ್‌ನಲ್ಲಿ ಪಶ್ಚಿಮ ದಂಡೆಯ ಮೊದಲ ವಸಾಹತು ಎದ್ದಿತು. ತಿಳಿಯದೆ ಮಾಡಿದ್ದಲ್ಲ ಸ್ವಾಮಿ, ತಿಳಿದೇ ಮಾಡಿದ್ದು.

ಆಗ ಅಧಿಕಾರದಲ್ಲಿದ್ದವರು ಸಮಾಜವಾದಿಗಳು ಅಂತ ಹೇಳಿಕೊಳ್ಳುತ್ತಿದ್ದ ಲೇಬರ್ ಪಕ್ಷದವರು. ನಮ್ಮ ಪುಸ್ತಕಗಳಲ್ಲಿ ಅವರ ಕಿಬ್ಬುಟ್ಜ್ ಬೇಸಾಯವನ್ನು ಹೊಗಳಿ ಬರೆದದ್ದನ್ನು ನೀವೂ ಓದಿರುತ್ತೀರಿ. ಅವರು ದೇವರ ಮಾತು ಆಡಲಿಲ್ಲ, ಗಡಿ ರಕ್ಷಣೆ ಅಂದರು. 1968ರಲ್ಲಿ ಮೋಶೆ ಲೆವಿಂಗರ್ ಅನ್ನೋ ಪುರೋಹಿತ ಪಾಸೋವರ್ ಹಬ್ಬಕ್ಕೆಂದು ತನ್ನ ಕಡೆಯವರನ್ನು ಕಟ್ಟಿಕೊಂಡು ಹೆಬ್ರಾನಿನ ಹೋಟೆಲ್ಲಿಗೆ ಬಂದ. ಹಬ್ಬ ಮುಗೀತು, ನೆಂಟರು ಏಳಲಿಲ್ಲ. ಸರ್ಕಾರ ಅವರನ್ನು ಹೊರಗೆ ಹಾಕೋದು ಬಿಟ್ಟು ಪಕ್ಕದಲ್ಲೇ ಕಿರ್ಯತ್ ಅರ್ಬಾ ಅನ್ನೋ ಊರು ಕಟ್ಟಿಕೊಟ್ಟಿತು. 1974ರಲ್ಲಿ ಇಂಥವರದೇ 'ಗುಶ್ ಎಮುನಿಮ್' ಹುಟ್ಟಿತು. 'ಭಕ್ತರ ಕೂಟ' ಅಂತ ಅರ್ಥ. ಹಿಡಿದ ಭೂಮಿಯಲ್ಲಿ ಒಂದು ಗೇಣು ಬಿಟ್ಟುಕೊಟ್ಟರೂ ದೈವದ್ರೋಹ ಅನ್ನೋದು ಇವರ ವಾದ. 1977ರಲ್ಲಿ ಬೆಗಿನ್ ಸರ್ಕಾರ ಬಂದ ಮೇಲೆ ಭಕ್ತರಿಗೂ ಮಂತ್ರಿಗಳಿಗೂ ನಡುವೆ ಇದ್ದ ಸಣ್ಣ ಗೋಡೆಯೂ ಬಿತ್ತು.

ಇನ್ನು ಎಲೋನ್ ಮೋರೆ ಕತೆ ಕೇಳಿ. ಗೆಳೆಯರೆ, ಇದನ್ನು ಕಂಠಪಾಠ ಮಾಡಿಕೊಂಡರೂ ನಷ್ಟ ಇಲ್ಲ. 1979ರಲ್ಲಿ ನಾಬ್ಲುಸ್ ಹತ್ತಿರದ ರುಜೈಬ್ ಅನ್ನೋ ಹಳ್ಳಿಯ ಸುಮಾರು 700 ದುನಮ್, ನಮ್ಮ ಲೆಕ್ಕದಲ್ಲಿ 170 ಎಕರೆ ಮೇಲಾಯ್ತು, ಸೈನ್ಯದ ಆಜ್ಞೆಯ ಮೇಲೆ ವಶವಾಯಿತು. ಮಿಲಿಟರಿಗೆ ಬೇಕು ಅಂದರು, ಬಂದು ಕೂತವರು ಭಕ್ತರ ಕೂಟದವರು. ರೈತರು ಇಸ್ರೇಲಿನ ಸುಪ್ರೀಂ ಕೋರ್ಟಿಗೇ ಹೋದರು. ಹಿಂದೆ ಸೇನಾ ಮುಖ್ಯಸ್ಥನಾಗಿದ್ದ ಬಾರ್-ಲೆವ್, ಆ ಜಾಗದಲ್ಲಿ ವಸಾಹತು ಇದ್ದರೆ ರಕ್ಷಣೆಗೆ ಏನೂ ಉಪಯೋಗ ಇಲ್ಲ ಅಂತ ಪ್ರಮಾಣಪತ್ರ ಬರೆದುಕೊಟ್ಟ. ಇನ್ನೂ ತಮಾಷೆ ಅಂದ್ರೆ, ಭಕ್ತರೇ ಕೋರ್ಟಿಗೆ ಬಂದು ನಾವಿಲ್ಲಿ ಕೂತದ್ದು ರಕ್ಷಣೆಗಲ್ಲ, ದೇವರ ಆಜ್ಞೆಗೆ ಅಂದುಬಿಟ್ಟರು. ಸರ್ಕಾರದ ವಕೀಲರು ಹೊದಿಸಿದ್ದ ಬಟ್ಟೆಯನ್ನು ಇವರೇ ಎಳೆದು ಹಾಕಿದ ಹಾಗಾಯ್ತು. ಅಕ್ಟೋಬರಿನಲ್ಲಿ ತೀರ್ಪು ಬಂತು: ಮೂವತ್ತು ದಿನದಲ್ಲಿ ಖಾಲಿ ಮಾಡಿ.

ರೈತ ಗೆದ್ದ. ಆದರೆ ಸೋತ ಸರ್ಕಾರ ಸುಮ್ಮನೆ ಮನೆಗೆ ಹೋಗಲಿಲ್ಲ. ಭಕ್ತರನ್ನು ಅಲ್ಲೇ ಇನ್ನೊಂದು ಗುಡ್ಡಕ್ಕೆ ಸಾಗಿಸಿತು, ಆಮೇಲೆ ಹಳೇ ಕಡತ ಬಿಚ್ಚಿತು. ತುರ್ಕಿ ಸುಲ್ತಾನರ ಕಾಲದ್ದು, 1858ರ ಭೂಕಾನೂನು. ಮೂರು ವರ್ಷ ಉಳದೆ ಬಿಟ್ಟ ಜಮೀನು ಸರ್ಕಾರಕ್ಕೆ. ಊರಂಚಿನಲ್ಲಿ ನಿಂತು ಕೂಗಿದರೆ ಕೇಳಿಸದಷ್ಟು ದೂರದ ಪಾಳು ನೆಲವೂ ಸರ್ಕಾರದ್ದು. ಸುಲ್ತಾನನಿಗೆ ಬೇಕಾಗಿದ್ದದ್ದು ಕಂದಾಯ, ಉಳುವವನಿದ್ದರೆ ಕಂದಾಯ ಬರುತ್ತೆ ಅನ್ನೋ ಲೆಕ್ಕ. ಅದೇ ಕಾನೂನು ಈಗ ಉಳುವವನನ್ನು ಏಳಿಸುವ ಕಾನೂನಾಯಿತು. ಜಮೀನಿನ ದಾಖಲೆ ಮಾಡಿಸಿಕೊಳ್ಳೋಣ ಅಂದ್ರೆ, ಆ ಕೆಲಸವನ್ನು 1968ರಲ್ಲೇ ಸೈನ್ಯದ ಆಜ್ಞೆ ನಿಲ್ಲಿಸಿತ್ತು. ಪ್ಲಿಯಾ ಆಲ್ಬೆಕ್ ಅನ್ನೋ ಸರ್ಕಾರಿ ವಕೀಲೆ ಹೆಲಿಕಾಪ್ಟರಿನಲ್ಲಿ ಸುತ್ತಿ ಯಾವ ಗುಡ್ಡದಲ್ಲಿ ಬೆಳೆ ಇಲ್ಲ ಅಂತ ನೋಡಿದಳು. ಕುರಿ ಮೇಯುವ ಗುಡ್ಡ ಮೇಲಿಂದ ಪಾಳಾಗಿಯೇ ಕಾಣುತ್ತೆ. ಖರಾಬು ಅಂತ ಬರೆದುಬಿಟ್ಟರೆ ಮುಗೀತು. ಆ ಒಂದು ಪದದ ತೂಕ ನಿಮ್ಮಪ್ಪನನ್ನು ಕೇಳಿ, ಹೇಳುತ್ತಾನೆ.

ಹೀಗೆ ಒಂಬತ್ತು ಲಕ್ಷ ದುನಮ್ ಸುಮಾರು ಸರ್ಕಾರಿ ಜಮೀನಾಯಿತು. ಅದನ್ನು ಯಾರಿಗೆ ಹಂಚಿದರು? ಇಸ್ರೇಲಿನದೇ ಆದ 'ಪೀಸ್ ನೌ' ಸಂಘಟನೆ ಮಾಹಿತಿ ಹಕ್ಕಿನಲ್ಲಿ ಕೇಳಿದಾಗ 2018ರಲ್ಲಿ ಉತ್ತರ ಸಿಕ್ಕಿತು: ಹಂಚಿದ ಸರ್ಕಾರಿ ಜಮೀನಿನಲ್ಲಿ ಶೇಕಡಾ 99.76 ವಸಾಹತುಗಳಿಗೆ, 0.24 ಪ್ಯಾಲೆಸ್ತೀನಿಯರಿಗೆ. ಸರ್ಕಾರಿ ಅಂದರೆ ಯಾರ ಸರ್ಕಾರ ಅಂತ ಬಿಡಿಸಿ ಹೇಳಬೇಕೇ?

ನಮ್ಮ ಹುಡುಗ ಹೊಗಳಿದ ಆ 'ಗಟ್ಟಿಗರ' ಒಳಗೂ ಕೇರಿಗಳಿವೆ. ಮೊರಾಕೊ ಮುಂತಾದ ಅರಬ್ ನಾಡುಗಳಿಂದ ಬಂದ ಯಹೂದಿಗಳನ್ನು ಯೂರೋಪಿನಿಂದ ಬಂದ ಯಹೂದಿಗಳು ಕೀಳಾಗಿ ಕಂಡರು. ಜೆರುಸಲೇಮಿನ ಮುಸ್ರಾರಾ ಅನ್ನೋ ಬಡಾವಣೆ 1948ರವರೆಗೆ ಅರಬ್ಬರದು. ಅವರು ಮನೆ ಬಿಟ್ಟು ಹೋದ ಮೇಲೆ ಈ ಬಡ ಯಹೂದಿಗಳನ್ನು ಅಲ್ಲಿ ತುಂಬಿದರು. ಅದು ಜೋರ್ಡಾನ್ ಸೈನ್ಯದ ಬಂದೂಕಿನ ಎದುರಿನ ಗಡಿ. ಅನುಕೂಲವಂತರು ಒಳಗೆ, ಬಡವರು ಬೇಲಿಯಾಗಿ ಹೊರಗೆ. ಅದೇ ಮುಸ್ರಾರಾದ ಹುಡುಗರು 1971ರಲ್ಲಿ 'ಬ್ಲ್ಯಾಕ್ ಪ್ಯಾಂಥರ್ಸ್' ಕಟ್ಟಿದರು. ಅಮೆರಿಕದ ಕರಿಯರ ಹೆಸರನ್ನೇ ಇಟ್ಟುಕೊಂಡರು. ಮುಂದಿನ ವರ್ಷ ಬೊಂಬಾಯಿಯಲ್ಲಿ ನಮ್ಮವರು ದಲಿತ ಪ್ಯಾಂಥರ್ಸ್ ಅಂತ ಇಟ್ಟುಕೊಂಡದ್ದೂ ಅದೇ ಹೆಸರು. 1972ರಲ್ಲಿ ಜೆರುಸಲೇಮಿನ ಪ್ಯಾಂಥರುಗಳು ಶ್ರೀಮಂತರ ಮನೆ ಬಾಗಿಲಲ್ಲಿದ್ದ ಹಾಲಿನ ಬಾಟಲಿ ಎತ್ತಿಕೊಂಡು ಹೋಗಿ ಬಡವರ ಬಾಗಿಲಲ್ಲಿ ಇಟ್ಟರು. ಈ ಹುಡುಗರನ್ನು ಕಂಡು ಪ್ರಧಾನಿ ಗೋಲ್ಡಾ ಮೀರ್ ಇವರು ಒಳ್ಳೆಯವರಲ್ಲ ಅಂತ ಮೂಗು ಮುರಿದಳು. ಅವರಲ್ಲಿ ಚಾರ್ಲಿ ಬಿಟನ್‌ನಂಥವರು ಅರಬ್ಬರ ಜೊತೆ ಸೇರಿ ರಾಜಕೀಯ ಮಾಡಿದರು, 1977ರಲ್ಲಿ ಪಾರ್ಲಿಮೆಂಟಿಗೂ ಹೋದರು.

ಎಲ್ಲರೂ ಆ ದಾರಿ ಹಿಡಿಯಲಿಲ್ಲ. ಹಿಡಿಯದ ಹಾಗೆ ಸರ್ಕಾರ ನೋಡಿಕೊಂಡಿತು. ಊರೊಳಗೆ ಬಾಡಿಗೆ ಕಟ್ಟಲಾಗದವನಿಗೆ ಪಶ್ಚಿಮ ದಂಡೆಯಲ್ಲಿ ಅಗ್ಗದ ಸಾಲ, ರಿಯಾಯಿತಿ ಮನೆ. ಇವತ್ತು ಅಲ್ಲಿನ ಅತಿ ದೊಡ್ಡ ಎರಡು ವಸಾಹತುಗಳಾದ ಮೋದಿಇನ್ ಇಲ್ಲಿತ್, ಬೇತಾರ್ ಇಲ್ಲಿತ್‌ನಲ್ಲಿ ಇರೋರು ಮನೆ ತುಂಬ ಮಕ್ಕಳಿರುವ ಬಡ ಸಂಪ್ರದಾಯಸ್ಥರು. ಅವರನ್ನು ಬೈದು ಪ್ರಯೋಜನ ಇಲ್ಲ. ತನ್ನ ಬಡವನ ಹಸಿವನ್ನು ಇನ್ನೊಬ್ಬ ಬಡವನ ಹೊಲದಲ್ಲಿ ನೆಡುವ ಸರ್ಕಾರ ಇದೆಯಲ್ಲ, ಬೈಯಬೇಕಾದ್ದು ಅದನ್ನು. ಒಂದೇ ಗುಡ್ಡದಲ್ಲಿ ವಸಾಹತಿನವನಿಗೆ ಇಸ್ರೇಲಿನ ಸಿವಿಲ್ ಕಾನೂನು, ಪಕ್ಕದ ಹಳ್ಳಿಯವನಿಗೆ ಮಿಲಿಟರಿ ಕೋರ್ಟು. ಆ ಮನೆಗಳಿಗೆ ಇಟ್ಟಿಗೆ ಹೊತ್ತವರಲ್ಲಿ ಆ ಹಳ್ಳಿಯವರೇ ಸಾವಿರಾರು ಜನ.

ಒಳಗಿನಿಂದ ಕೂಗಿದವರೂ ಇದ್ದರು. ಯೆಶಾಯಾಹು ಲೈಬೊವಿಟ್ಜ್ ನಿಷ್ಠಾವಂತ ಯಹೂದಿ, ಪ್ರಾರ್ಥನೆ ತಪ್ಪಿಸದ ಪಂಡಿತ. ಇನ್ನೊಂದು ಜನರನ್ನು ಆಳುವ ಕೆಲಸ ನಮ್ಮನ್ನೇ ಕೊಳೆಸುತ್ತದೆ ಅಂತ 1967ರ ಯುದ್ಧ ಮುಗಿದ ಕಾಲದಿಂದಲೇ ಹೇಳುತ್ತಾ ಬಂದ. 1978ರಲ್ಲಿ 348 ಮಂದಿ ಮೀಸಲು ಸೈನ್ಯದ ಅಧಿಕಾರಿಗಳೂ ಯೋಧರೂ ಬೆಗಿನ್‌ಗೆ ಪತ್ರ ಬರೆದರು, ಪೀಸ್ ನೌ ಹುಟ್ಟಿದ್ದು ಅದರಿಂದ. ಕೇಳಿದವರು ಯಾರು? ಭೂಮಿ ಬಿಟ್ಟುಕೊಡುವ ಮಾತಾಡಿದ ಪ್ರಧಾನಿ ರಾಬಿನ್‌ನನ್ನು 1995ರಲ್ಲಿ ಯಹೂದಿ ಹುಡುಗನೊಬ್ಬ ದೇವರ ಹೆಸರಿನಲ್ಲೇ ಗುಂಡಿಕ್ಕಿ ಕೊಂದ.

"1982ರಲ್ಲಿ ಸಿನಾಯ್ ಬಿಟ್ಟರಲ್ಲ, 2005ರಲ್ಲಿ ಗಾಜಾದ 21 ವಸಾಹತು ತೆಗೆದರಲ್ಲ" ಅಂತ ನಮ್ಮ ಹುಡುಗ ಕೇಳಿದ. ಒಳ್ಳೆ ಪ್ರಶ್ನೆ. ತೆಗೆಯೋಕೆ ಆಗುತ್ತೆ ಅನ್ನೋದಕ್ಕೆ ಅದೇ ಸಾಕ್ಷಿ ಕಣಪ್ಪ! ಆದ್ರೆ ಗಾಜಾದಿಂದ ಎಬ್ಬಿಸಿದ್ದು ಎಂಟು ಸಾವಿರ ಚಿಲ್ಲರೆ ಜನರನ್ನ. ಪಶ್ಚಿಮ ದಂಡೆಯಲ್ಲಿ, ಪೂರ್ವ ಜೆರುಸಲೇಮ್ ಬಿಟ್ಟು, 1993ರ ಓಸ್ಲೋ ಒಪ್ಪಂದದ ಹೊತ್ತಿಗೆ ಸುಮಾರು 1 ಲಕ್ಷ 10 ಸಾವಿರ ಇದ್ದವರು ಈಗ 5 ಲಕ್ಷ ದಾಟಿದ್ದಾರೆ. ಶಾಂತಿಯ ಮಾತು ನಡೆದ ವರ್ಷಗಳಲ್ಲೇ ಬೆಳೆದದ್ದು ಇದು. ವಸಾಹತುಗಳನ್ನು ತೆಗೆಯಬೇಕು ಅಂತ 2024ರ ಜುಲೈಯಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಹೇಳಿತು. 2025ರ ಆಗಸ್ಟಿನಲ್ಲಿ ಜೆರುಸಲೇಮಿನ ಪೂರ್ವಕ್ಕೆ 'ಇ-1' ಅನ್ನೋ ಜಾಗದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮನೆ ಕಟ್ಟಲು ಇಸ್ರೇಲ್ ಒಪ್ಪಿಗೆ ಕೊಟ್ಟಿತು. ಪಶ್ಚಿಮ ದಂಡೆಯ ಉತ್ತರವನ್ನೂ ದಕ್ಷಿಣವನ್ನೂ ನಡುವೆ ಕತ್ತರಿಸುವ ಜಾಗ ಅದು.

ಅದರ ಹತ್ತಿರವೇ ಖಾನ್ ಅಲ್-ಅಹ್ಮರ್ ಅನ್ನೋ ಕುರಿಗಾಹಿಗಳ ಹಟ್ಟಿ ಇದೆ. 1950ರ ದಶಕದಲ್ಲಿ ನೆಗೆವ್ ಮರುಭೂಮಿಯಿಂದ ಎಬ್ಬಿಸಿದ ಜಹಾಲಿನ್ ಬುಡಕಟ್ಟಿನವರು. ಅವರಿಗೆ ಕಟ್ಟಡ ಕಟ್ಟಲು ಪರವಾನಗಿ ಸಿಗುವುದಿಲ್ಲ. ಅದಕ್ಕೆ 2009ರಲ್ಲಿ ಹಳೇ ಟೈರುಗಳನ್ನು ಒಂದರ ಮೇಲೊಂದು ಜೋಡಿಸಿ ಮಣ್ಣು ಮೆತ್ತಿ ಸ್ಕೂಲು ಮಾಡಿಕೊಂಡರು, ಸುತ್ತಲಿನ ಹಟ್ಟಿಗಳ ಮಕ್ಕಳೂ ಬಂದರು. ಅನುಮತಿ ಇಲ್ಲದ ಕಟ್ಟಡ, ಹಟ್ಟಿಯ ಜೊತೆಗೆ ಕೆಡವಬಹುದು ಅಂತ 2018ರಲ್ಲಿ ಅದೇ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು.