ಪ್ರಸಾದಕುಂಡದ ಮೌನವೂ ಇಂದಿನ ತರುಣರೂ

ಕಲ್ಯಾಣದ ಮಹಾಮನೆಗೆ ನಿತ್ಯವೂ ಬಂದು ಹೋಗುತ್ತಿದ್ದ ಜಂಗಮರಿಗೆ ಲೆಕ್ಕವಿರಲಿಲ್ಲ. ಅಂತಹ ಮಹಾಮನೆಯ ಪ್ರಸಾದಕುಂಡದಲ್ಲಿ ಮರುಳಶಂಕರದೇವರೆಂಬ ಶರಣರು ಹನ್ನೆರಡು ವರ್ಷಗಳ ಕಾಲ ಯಾರ ಗಮನಕ್ಕೂ ಬಾರದೆ, ಮರುಳರಂತೆ ಮೌನವಾಗಿ ಇದ್ದುಬಿಟ್ಟರು. ಶೂನ್ಯಸಂಪಾದನೆಯಲ್ಲಿ ಬರುವ ಈ ಪ್ರಸಂಗವನ್ನು ಗುಪ್ತಭಕ್ತಿಯ ಹಿರಿಮೆಗೆ ನಿದರ್ಶನವಾಗಿ ಹೇಳುವುದು ವಾಡಿಕೆ. ಅದು ಸರಿಯೇ. ಆದರೆ ಅದಕ್ಕೆ ಇನ್ನೊಂದು ಮಗ್ಗುಲಿದೆ. ಅಲ್ಲಮಪ್ರಭುಗಳು ಬಂದು ಆ ಶರಣರನ್ನು ಗುರುತಿಸಿ ತೋರಿಸಿದಾಗ, ಮನೆಯೊಳಗೇ ಇದ್ದವರನ್ನು ತಾವು ಅರಿಯದೆ ಹೋದೆವಲ್ಲಾ ಎಂದು ಬಸವಣ್ಣನವರು ಮರುಗಿದರು. ಮೌನದ ಹೊಣೆಯನ್ನು ಮೌನವಾಗಿದ್ದವರ ಮೇಲೆ ಹೊರಿಸಲಿಲ್ಲ.

ಮರುಳಶಂಕರದೇವರದು ಸಿದ್ಧಿಯ ಮೌನ. ಇಂದಿನ ಅನೇಕ ತರುಣರದು ಸಂಕಟದ ಮೌನ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಮನೆಯವರ ಕಣ್ಣಿಗೆ ಬೀಳದಿರುವುದು ಮಾತ್ರ ಎರಡಕ್ಕೂ ಸಮಾನ. ಮಗಳು ಎರಡು ದಿನ ಊಟ ಬಿಟ್ಟರೆ ತಾಯಿ ಕೇಳುತ್ತಾಳೆ. ಮಗ ಎರಡು ತಿಂಗಳು ಮಾತು ಬಿಟ್ಟರೆ, ಹುಡುಗ ಗಂಭೀರನಾದ, ಜವಾಬ್ದಾರಿ ಬಂತು ಎಂದು ಹಿರಿಯರು ಸಮಾಧಾನಪಡುತ್ತಾರೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,70,924 ಮಂದಿ. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಜನ ಪುರುಷರು.

ಸಂಕಟಕ್ಕೆ ಕಾರಣಗಳು ಊರೂರಿನಲ್ಲಿಯೂ ಕಾಣುತ್ತವೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆ ಅಕ್ರಮದ ಕಾರಣ 2022ರಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಧಾರವಾಡ, ವಿಜಯಪುರಗಳ ಬಾಡಿಗೆ ಕೋಣೆಗಳಲ್ಲಿ ಓದುತ್ತಿದ್ದ ತರುಣರಿಗೆ ಆ ಅವಧಿ ಎಂದರೆ ವಯೋಮಿತಿ, ತಂದೆಯ ಸಾಲ, ಊರಿನವರ ಪ್ರಶ್ನೆ. ಇನ್ನು ಒಕ್ಕಲುತನ ಮಾಡುವ ಗಂಡಿಗೆ ಹೆಣ್ಣು ಕೊಡುವವರಿಲ್ಲ. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ರೈತ ತರುಣರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಕೈಗೊಂಡಾಗ ನಾಡು ಅದನ್ನು ವಿನೋದವಾಗಿ ನೋಡಿತು. ಅದೇ ವರ್ಷ ಅದೇ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದು ಬಯಲಾಯಿತು. ಹೆಣ್ಣು ಬೇಡವೆಂದ ಹಿರಿಯರೇ ಇಂದು ಹೆಣ್ಣು ಸಿಗದ ಮಗನನ್ನು ಕಂಡು ನಗುವುದು ಶರಣ ಧರ್ಮಕ್ಕೆ ಒಪ್ಪುವ ಮಾತಲ್ಲ. ಆ ತರುಣರು ಬೇಡಿದ್ದು ವಧುವನ್ನೇ ಇರಬಹುದು; ಆದರೆ ದಾರಿಯುದ್ದಕ್ಕೂ ಅವರಿಗೆ ದೊರೆತದ್ದು ತಮ್ಮಂತಹವರ ಜೊತೆ. ಅದು ಸಣ್ಣ ಪ್ರಸಾದವಲ್ಲ.

ಜೊತೆಯ ಬೆಲೆಯನ್ನು ತಿಳಿಯಲು ಸೊನ್ನಲಿಗೆಯ ಸಿದ್ಧರಾಮೇಶ್ವರರ ಎಳೆಯ ದಿನಗಳನ್ನು ನೆನೆಯಬೇಕು. ರಾಘವಾಂಕ ಕವಿ ಬಣ್ಣಿಸುವಂತೆ, ದನ ಕಾಯುವ ಬಾಲಕನ ಬಳಿ ಮಲ್ಲಯ್ಯನು ಬಂದು ಉಣಲು ಕೇಳುತ್ತಾನೆ. ಬಾಲಕ ಮನೆಗೆ ಓಡಿ ಅನ್ನ ತರುವಷ್ಟರಲ್ಲಿ ಅವನಿಲ್ಲ. ಅಳುತ್ತ, ಕೂಗುತ್ತ, ಯಾತ್ರಿಕರ ಬೆನ್ನು ಹತ್ತಿ ಶ್ರೀಶೈಲಕ್ಕೆ ಹೋಗಿ, ಎಲ್ಲಿಯೂ ಕಾಣದೆ ಕೊನೆಗೆ ಕಮರಿಗೆ ಬೀಳಲು ಮುಂದಾಗುತ್ತಾನೆ. ಆಗ ಮಲ್ಲಿಕಾರ್ಜುನನು ಮಾಡಿದ್ದೇನು? ಮೊದಲು ಕೈ ಹಿಡಿದ. ಧೈರ್ಯದ ಮೇಲೆ ಉಪದೇಶ ಮಾಡಲಿಲ್ಲ, ಗಂಡು ಮಗ ಅಳಬಾರದೆಂದು ಗದರಲಿಲ್ಲ. ಬಳಿಕ ಊರಿಗೆ ಮರಳಿ ಕಳುಹಿಸಿದ; ಕೆರೆ ಕಟ್ಟೆಗಳ ಕಾಯಕ ನಡೆದದ್ದು ಆಮೇಲೆ. ಅಲ್ಲಮಪ್ರಭುಗಳ ಕಟುವಾದ ಪ್ರಶ್ನೆಗಳು ಬಂದದ್ದು ಇನ್ನೂ ತಡವಾಗಿ. ಇಂದಿನ ಹಿರಿಯರು ಈ ಕ್ರಮವನ್ನು ತಲೆಕೆಳಗು ಮಾಡಿದ್ದಾರೆ. ಪ್ರಶ್ನೆ ಮೊದಲು, ಕೈ ಕೊನೆಗೆ.

ಲಿಂಗಾಯತ ಮಠಗಳು ತರುಣರಿಗೆ ಅನ್ನವನ್ನೂ ಅಕ್ಷರವನ್ನೂ ಕೊಟ್ಟಿವೆ; ಉಚಿತ ಪ್ರಸಾದ ನಿಲಯಗಳಲ್ಲಿ ಉಂಡು ಬೆಳೆದ ತಲೆಮಾರುಗಳೇ ಅದಕ್ಕೆ ಸಾಕ್ಷಿ. ಗದುಗಿನಲ್ಲಿ ಲಿಂಗೈಕ್ಯ ತೋಂಟದ ಸಿದ್ಧಲಿಂಗ ಮಹಾಸ್ವಾಮಿಗಳು ವಾರದ ಶಿವಾನುಭವವನ್ನು ದಶಕಗಳ ಕಾಲ ನಡೆಸಿಕೊಂಡು ಬಂದರು. 2019ರ ಆಗಸ್ಟಿನಲ್ಲಿ ಸಾಣೇಹಳ್ಳಿಯ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳ ‘ಮತ್ತೆ ಕಲ್ಯಾಣ’ ಅಭಿಯಾನದಲ್ಲಿ ಜಿಲ್ಲೆ ಜಿಲ್ಲೆಗಳಲ್ಲಿ ವಿದ್ಯಾರ್ಥಿಗಳೊಡನೆ ಸಂವಾದ ನಡೆಯಿತು. ಇಂತಹ ಪರಂಪರೆಯಿದ್ದರೂ ಬಹಳ ಕಡೆ ಶಿವಾನುಭವ ಗೋಷ್ಠಿಯೆಂದರೆ ವೇದಿಕೆ, ಹಾರ, ಸನ್ಮಾನ, ಒಂದು ಗಂಟೆಯ ಉಪನ್ಯಾಸ. ತರುಣನ ಪಾಲಿಗೆ ಕುರ್ಚಿ ಹಾಕುವ, ಪ್ರಸಾದ ಬಡಿಸುವ ಸೇವೆ. ಅವನು ಏನು ನೊಂದಿದ್ದಾನೆಂದು ಯಾರೂ ಕೇಳರು. ಅನುಭವ ಮಂಟಪದಲ್ಲಿ ಅಂಬಿಗರೂ ಮಡಿವಾಳರೂ ತಮ್ಮ ಬಾಳಿನ ಮಾತನ್ನೇ ಆಡಿದರು. ಕೇಳುವುದಕ್ಕಾಗಿ ಮಾತ್ರ ಬಂದವರಲ್ಲ ಅವರು.

ಆದುದರಿಂದ ತಿಂಗಳಿಗೊಂದು ಸಂಜೆಯಾದರೂ ಧ್ವನಿವರ್ಧಕವಿಲ್ಲದ ಕೂಟವೊಂದು ಮಠದ ಆವರಣದಲ್ಲಿ ನಡೆಯುವುದು ಲೇಸು. ಹತ್ತು ಹನ್ನೆರಡು ತರುಣರು ದುಂಡಗೆ ಕುಳಿತುಕೊಳ್ಳಲಿ. ಒಂದು ವಚನ ಓದಿ, ಅದು ಯಾರ ಬಾಳಿಗೆ ಎಲ್ಲಿ ತಾಕಿತೆಂದು ಹೇಳಿಕೊಳ್ಳಲಿ. ತಂದೆಯರು ಅಂದು ಬಾರದಿದ್ದರೆ ಒಳ್ಳೆಯದು. ಹಿರಿಯರೊಬ್ಬರು ಇರಲಿ, ಆದರೆ ತಮ್ಮ ಸೋಲನ್ನೂ ಹೇಳಬಲ್ಲವರಾಗಿರಲಿ. ಅಲ್ಲಿ ಆಡಿದ ಮಾತು ಮಠದ ಹೊಸ್ತಿಲು ದಾಟಿ ಸಂಬಂಧಿಕರ ಕಿವಿಗೆ ಬಿದ್ದರೆ ಕೂಟ ಅಂದೇ ಮುಗಿಯಿತೆಂದು ತಿಳಿಯಬೇಕು. ಇದರಿಂದ ಹುಡುಗರು ಮಾತಿನಮಲ್ಲರಾಗಿ ಕೆಲಸ ಬಿಟ್ಟಾರು ಎಂಬ ಆತಂಕ ಕೆಲವರಿಗಿದೆ. ಅದಕ್ಕೆ ಕಲ್ಯಾಣದಲ್ಲಿಯೇ ಉತ್ತರವುಂಟು. ಗೋಷ್ಠಿಯಲ್ಲಿ ಮೈಮರೆತ ಮಾರಯ್ಯನವರಿಗೆ ಕಾಯಕವನ್ನು ನೆನಪಿಸಲು ಲಕ್ಕಮ್ಮನವರಿದ್ದರು. ಅದಕ್ಕಾಗಿ ಗೋಷ್ಠಿಯನ್ನು ಯಾರೂ ಮುಚ್ಚಲಿಲ್ಲ.

ಕೂಟದಲ್ಲಿ ಯಾರಾದರೂ ಬದುಕು ಸಾಕೆಂಬ ಮಾತನಾಡಿದರೆ ನೇರವಾಗಿಯೇ ಕೇಳಬೇಕು. ಸಾಯುವ ವಿಚಾರ ಬರುತ್ತಿದೆಯೇ ಎಂದು ಕೇಳುವುದರಿಂದ ಆ ವಿಚಾರ ಹೊಸದಾಗಿ ಹುಟ್ಟುವುದಿಲ್ಲ. ಹೊತ್ತವನ ಭಾರ ಇಳಿಯುತ್ತದೆ. ಅಂದು ಅವನನ್ನು ಒಂಟಿಯಾಗಿ ಬಿಡದೆ ಮನೆಯವರೆಗೆ ಜೊತೆಗೆ ಹೋಗಬೇಕು, ಮನೆಯಲ್ಲಿರುವ ಕ್ರಿಮಿನಾಶಕದ ಡಬ್ಬಿಯನ್ನು ಬೇರೆಡೆಗೆ ಸಾಗಿಸಬೇಕು. ತಾಯಿತ, ಯಂತ್ರಗಳಿಗೆ ಶರಣರು ಎಂದೂ ಒಪ್ಪಿಗೆ ಕೊಟ್ಟವರಲ್ಲ. ಮನೋವೈದ್ಯರ ಬಳಿಗೆ ಹೋಗುವುದರಲ್ಲಿ ಭಕ್ತಿಗೆ ಕುಂದೂ ಇಲ್ಲ. 2022ರ ಅಕ್ಟೋಬರಿನಿಂದ ಕೇಂದ್ರ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ದೊರೆಯುತ್ತಿದೆ, ಕನ್ನಡದಲ್ಲಿಯೂ ಮಾತನಾಡಬಹುದು. ಈ ಸಂಖ್ಯೆಯನ್ನು ದಾಸೋಹ ಮನೆಯ ಗೋಡೆಯ ಮೇಲೆ, ಕೈ ತೊಳೆಯುವ ನಲ್ಲಿಯ ಹತ್ತಿರ, ಎಲ್ಲರಿಗೂ ಕಾಣುವಂತೆ ಬರೆಸಿದರೆ, ಯಾರನ್ನೂ ಕೇಳಲು ನಾಚುವ ಹುಡುಗನೂ ಓದಿಕೊಂಡಾನು.